ಆ ನೀರು ಯಾರ ಹೊಲಕ್ಕೆ? ಅಮೆರಿಕ ತನ್ನ ನದಿಗಳ ಜೊತೆ ಹೆಣಗಿದ ಮುನ್ನೂರು ವರ್ಷ

2025ರ ಜುಲೈ 4ರ ಬೆಳಗಿನ ಜಾವ ಟೆಕ್ಸಸ್‌ನ ಗ್ವಾಡಲೂಪ್ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು. ದಂಡೆಯ ಮೇಲಿದ್ದ ಹೆಣ್ಣುಮಕ್ಕಳ ಬೇಸಿಗೆ ಶಿಬಿರವೊಂದಕ್ಕೆ ನೀರು ನುಗ್ಗಿತು. ರಾಜ್ಯದಲ್ಲಿ ಒಟ್ಟು 130ಕ್ಕೂ ಹೆಚ್ಚು ಜನ ಸತ್ತರು. ಆಸ್ಟಿನ್‌ನಲ್ಲೋ ಹೂಸ್ಟನ್‌ನಲ್ಲೋ ಮಕ್ಕಳಿರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರಿಗೆ ಆಗ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು: ಅಷ್ಟೊಂದು ದುಡ್ಡು, ಅಷ್ಟೊಂದು ಎಂಜಿನಿಯರುಗಳು ಇರುವ ದೇಶಕ್ಕೆ ಒಂದು ನದಿಯನ್ನು ಹಿಡಿದಿಡಲು ಆಗುವುದಿಲ್ಲವೇ?

ಬಿದ್ದ ಮಳೆಯನ್ನು ಇಲ್ಲವಾಗಿಸುವುದು ಯಾವ ಎಂಜಿನಿಯರಿಗೂ ಸಾಧ್ಯವಿಲ್ಲ. ಆ ನೀರು ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಹೋಗಬೇಕು ಎಂಬುದನ್ನಷ್ಟೇ ಬದಲಿಸಬಹುದು. ಒಂದೂರಿಗೆ ಬರಬೇಕಿದ್ದ ನೀರನ್ನು ತಡೆದರೆ ಅದು ಇನ್ನೊಂದು ಕಡೆಗೆ ಹೋಗಲೇಬೇಕು. ಅಮೆರಿಕದ ಪ್ರವಾಹ ನಿಯಂತ್ರಣದ ಇತಿಹಾಸವನ್ನು ಈ ಒಂದು ಎಳೆ ಹಿಡಿದು ನೋಡಿದರೆ ಬಹುಪಾಲು ಅರ್ಥವಾಗುತ್ತದೆ.

ಎರಡು ಬಗೆಯ ಪ್ರವಾಹ

ಗ್ವಾಡಲೂಪ್‌ನಲ್ಲಿ ಆದದ್ದು ದಿಢೀರ್ ಪ್ರವಾಹ. ಟೆಕ್ಸಸ್‌ನ ಆ ಗುಡ್ಡಗಾಡಿನಲ್ಲಿ ಸುಣ್ಣಕಲ್ಲಿನ ಮೇಲೆ ತೆಳ್ಳಗೆ ಮಣ್ಣಿದೆ. ಮಳೆ ಇಂಗುವುದು ಕಡಿಮೆ, ಕಡಿದಾದ ಹಳ್ಳಗಳಲ್ಲಿ ಒಮ್ಮೆಗೇ ಇಳಿದುಬರುವುದೇ ಹೆಚ್ಚು. ಅಲ್ಲಿ ಜೀವ ಉಳಿಸುವುದು ಕಟ್ಟೆಗಿಂತ ಮುಖ್ಯವಾಗಿ ಸಮಯಕ್ಕೆ ಸರಿಯಾದ ಎಚ್ಚರಿಕೆ.

ದೊಡ್ಡ ನದಿಯ ಪ್ರವಾಹ ಹೀಗಲ್ಲ. ಮಿಸಿಸಿಪ್ಪಿ ನದಿಗೆ 31 ರಾಜ್ಯಗಳ ಮತ್ತು ಕೆನಡಾದ 2 ಪ್ರಾಂತ್ಯಗಳ ನೀರು ಬಂದು ಸೇರುತ್ತದೆ. ಅಲಾಸ್ಕ, ಹವಾಯಿ ಬಿಟ್ಟು ಉಳಿದ ಅಮೆರಿಕದ ಸುಮಾರು ಶೇ 41ರಷ್ಟು ನೆಲದ ಮಳೆ ಕೊನೆಗೆ ಹರಿಯುವುದು ಲೂಸಿಯಾನದತ್ತಲೇ. ಪೆನ್ಸಿಲ್ವೇನಿಯದ ಮಳೆ, ಮೊಂಟಾನಾದ ಕರಗಿದ ಹಿಮ ಎರಡಕ್ಕೂ ಅದೇ ದಾರಿ. ಪ್ರವಾಹದ ನೆತ್ತಿ ಮೇಲಿಂದ ಕೆಳಗೆ ಇಳಿಯಲು ವಾರಗಟ್ಟಲೆ ಬೇಕು. ಬರುತ್ತಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಏನು ಮಾಡಬೇಕು ಎಂಬುದೇ ಅಲ್ಲಿನ ತಲೆನೋವು.

ಇಂಥ ನದಿ ಉಕ್ಕಿದಾಗ ಹೊತ್ತು ತಂದ ಮಣ್ಣಿನಲ್ಲಿ ದಪ್ಪ ಕಣಗಳನ್ನು ದಂಡೆಯ ಬಳಿಯೇ ಬಿಟ್ಟು, ನುಣುಪಾದ ಮೆಕ್ಕಲನ್ನು ದೂರಕ್ಕೆ ಒಯ್ಯುತ್ತದೆ. ಸಾವಿರಾರು ವರ್ಷ ಹೀಗೇ ಆಗಿ ದಂಡೆ ಎತ್ತರ, ಹಿಂದಿನ ಬಯಲು ತಗ್ಗು. ನ್ಯೂ ಆರ್ಲಿಯನ್ಸ್‌ನಲ್ಲಿ ನದಿ ನೋಡಬೇಕಾದರೆ ಊರಿನಿಂದ ಮೇಲಕ್ಕೆ ಹತ್ತಬೇಕು. ಆ ತಗ್ಗು ಬಯಲು ನದಿಯ ಅಂಗಳವೇ. ಹತ್ತಿಗೆ, ಮೆಕ್ಕೆಜೋಳಕ್ಕೆ ಅದು ತುಂಬ ಒಳ್ಳೆಯ ಭೂಮಿಯಾದ್ದರಿಂದ ಜನ ಅಲ್ಲಿಗೇ ಹೋಗಿ ಕೂತರು.

ಇನ್ನು ಲೆಕ್ಕದ ಮಾತು. ಆಲಮಟ್ಟಿ, ಕೆಆರ್‌ಎಸ್ ಸುದ್ದಿಯಲ್ಲಿ ನಾವು ದಿನಾ ಕೇಳುವ ಕ್ಯುಸೆಕ್ಕೇ ಅಲ್ಲಿಯೂ ಅಳತೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್.

ಏರಿ, ಇನ್ನೂ ಎತ್ತರದ ಏರಿ

ಫ್ರೆಂಚರು 1718ರಲ್ಲಿ ನ್ಯೂ ಆರ್ಲಿಯನ್ಸ್ ಕಟ್ಟಿದರು. ಕೆಲವೇ ವರ್ಷಗಳಲ್ಲಿ ನದಿಗುಂಟ ಮೂರಡಿ ಎತ್ತರದ ಮಣ್ಣಿನ ಏರಿ ಎದ್ದಿತು. ಅಲ್ಲಿನವರು ಅದಕ್ಕೆ ಲೆವಿ ಎನ್ನುತ್ತಾರೆ. ಮಣ್ಣು ಹೊತ್ತವರು ಬಹುಪಾಲು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಒಬ್ಬ ಜಮೀನ್ದಾರ ಏರಿ ಹಾಕಿದರೆ ನೀರು ಪಕ್ಕದವನ ಹೊಲಕ್ಕೆ, ಅವನೂ ಹಾಕಿದರೆ ಎದುರು ದಂಡೆಗೆ. ಹೀಗೆ ಒಂದಕ್ಕೊಂದು ಕೂಡಿಕೊಂಡು ನೂರಾರು ಮೈಲಿ ಬೆಳೆಯಿತು.

ಏರಿಯಲ್ಲಿ ಒಂದು ಸಿಕ್ಕು ಇದೆ. ಉಕ್ಕಿದಾಗ ಹತ್ತಾರು ಮೈಲಿ ಅಗಲಕ್ಕೆ ಹರಡುತ್ತಿದ್ದ ನೀರನ್ನು ಎರಡು ಏರಿಗಳ ನಡುವೆ ಕಟ್ಟಿಹಾಕಿದರೆ ಅದು ಎತ್ತರಕ್ಕೆ ಏರದೆ ಬೇರೆ ದಾರಿಯಿಲ್ಲ. ಆಗ ಏರಿಯನ್ನೂ ಎತ್ತರಿಸಬೇಕು. ಎತ್ತರಿಸಿದಷ್ಟೂ ಅದು ಒಡೆದಾಗ ಆಗುವ ಹಾನಿ ದೊಡ್ಡದು. ಚಾರ್ಲ್ಸ್ ಎಲೆಟ್ ಎಂಬ ಎಂಜಿನಿಯರ್ 1852ರಲ್ಲೇ ಇದನ್ನು ಬರೆದಿಟ್ಟಿದ್ದ. ಏರಿಯ ಜೊತೆಗೆ ಮೇಲ್ಭಾಗದಲ್ಲಿ ಜಲಾಶಯಗಳೂ ಪಕ್ಕಕ್ಕೆ ನೀರು ಬಿಡುವ ದಾರಿಗಳೂ ಬೇಕು ಎಂದಿದ್ದ. ಸೇನೆಯ ಎಂಜಿನಿಯರ್ ಆ್ಯಂಡ್ರ್ಯೂ ಹಂಫ್ರೀಸ್ 1861ರಲ್ಲಿ ಕೊಟ್ಟ ಭಾರಿ ವರದಿ ಏರಿಯ ಪಕ್ಷ ಹಿಡಿಯಿತು. 1879ರಲ್ಲಿ ಹುಟ್ಟಿದ ಮಿಸಿಸಿಪ್ಪಿ ನದಿ ಆಯೋಗ ಕೊನೆಗೆ ನೆಚ್ಚಿಕೊಂಡದ್ದು ‘ಏರಿ ಮಾತ್ರ ಸಾಕು’ ಎಂಬ ನೀತಿಯನ್ನು. ಇಕ್ಕಟ್ಟಿನಲ್ಲಿ ಹರಿಯುವ ನೀರು ತನ್ನ ತಳವನ್ನು ತಾನೇ ಕೊರೆದು ಆಳ ಮಾಡಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ತರ್ಕ. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ದೊಡ್ಡ ಪ್ರವಾಹಕ್ಕೆ ಆ ಸ್ವಲ್ಪ ಸಾಲದು. ಆದರೂ ನದಿಗೆ ಇದ್ದ ಪಕ್ಕದ ಬಾಯಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದರು.

ಏರಿ ಮುರಿಯುವುದು ಮೇಲಿಂದ ನೀರು ಉಕ್ಕಿದಾಗ ಮಾತ್ರವಲ್ಲ. ನದಿಯ ಮಟ್ಟ ಹೆಚ್ಚಾದಾಗ ಒತ್ತಡಕ್ಕೆ ನೀರು ಏರಿಯ ಅಡಿಯ ಮರಳಿನಲ್ಲಿ ತೂರಿ, ಈಚೆ ಬದಿಯ ಹೊಲದಲ್ಲಿ ಗುಳುಗುಳು ಎಂದು ಮೇಲೇಳುತ್ತದೆ. ಪುಟ್ಟ ಹುತ್ತದಂಥ ಮರಳಿನ ದಿಬ್ಬ, ನಡುವೆ ಒಂದು ತೂತು. ರಾತ್ರಿಯೆಲ್ಲ ಲಾಟೀನು ಹಿಡಿದು ಏರಿಗುಂಟ ತಿರುಗುವವರು ಹುಡುಕುವುದು ಇದನ್ನೇ. ಬರುವ ನೀರು ತಿಳಿಯಾಗಿದ್ದರೆ ಗಾಬರಿ ಬೇಡ. ಕದಡಿದ್ದರೆ ಏರಿಯ ಬುಡದ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ಆಗ ಆ ತೂತಿಗೆ ಬಿರಡೆ ಜಡಿಯುವುದಿಲ್ಲ, ಜಡಿದರೆ ಇನ್ನೊಂದು ಕಡೆ ಒಡೆಯುತ್ತದೆ. ಸುತ್ತಲೂ ಮರಳು ಮೂಟೆಗಳನ್ನು ಬಾವಿಕಟ್ಟೆಯಂತೆ ಪೇರಿಸಿ ಒಳಗೆ ನೀರು ನಿಲ್ಲಲು ಬಿಡುತ್ತಾರೆ. ನಿಂತ ನೀರಿನ ಭಾರವೇ ಕೆಳಗಿನ ಒತ್ತಡಕ್ಕೆ ಎದುರಾಗಿ ಮಣ್ಣು ಬರುವುದು ನಿಲ್ಲುತ್ತದೆ. ಇಂದಿಗೂ ಇದೇ ವಿಧಾನ.

1927

ಏರಿಗಳು ಈಗ ಪ್ರವಾಹದ ಹಾನಿ ತಡೆಯುವ ಸ್ಥಿತಿಯಲ್ಲಿವೆ ಎಂದು ಸೇನೆಯ ಎಂಜಿನಿಯರ್ ದಳದ ಮುಖ್ಯಸ್ಥರ 1926ರ ವಾರ್ಷಿಕ ವರದಿ ಹೇಳಿತ್ತು. ಅದೇ ವರ್ಷದ ಆಗಸ್ಟ್‌ನಿಂದ ಮಳೆ ಹಿಡಿಯಿತು, ತಿಂಗಳುಗಟ್ಟಲೆ ಬಿಡಲಿಲ್ಲ. 1927ರ ಏಪ್ರಿಲ್ 21ರಂದು ಮಿಸಿಸಿಪ್ಪಿ ರಾಜ್ಯದ ಗ್ರೀನ್‌ವಿಲ್ ಊರಿನ ಮೇಲ್ಗಡೆ, ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಏರಿ ಒಡೆಯಿತು. ಒಡೆದ ಬಾಯಿ ಬೆಳೆದು ಒಂದು ಕಿಲೋಮೀಟರಿಗೂ ಹೆಚ್ಚು ಅಗಲವಾಯಿತು. ಅದೊಂದೇ ಅಲ್ಲ, ಎಷ್ಟೋ ಕಡೆ ಒಡೆಯಿತು. ಸುಮಾರು 70,000 ಚದರ ಕಿಲೋಮೀಟರ್ ನೆಲ ಮುಳುಗಿತು, 6 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಅಧಿಕೃತ ಲೆಕ್ಕಕ್ಕೆ ಸಿಕ್ಕ ಸಾವು 246. ಕಪ್ಪು ಜನರ ಸಾವನ್ನು ಸರಿಯಾಗಿ ಎಣಿಸದ ಕಾಲ ಅದು, ಹಾಗಾಗಿ ನಿಜ ಸಂಖ್ಯೆ ಅದಕ್ಕಿಂತ ಹೆಚ್ಚೆಂದೇ ಇತಿಹಾಸಕಾರರ ಅಭಿಪ್ರಾಯ.

ಗ್ರೀನ್‌ವಿಲ್‌ನಲ್ಲಿ ಒಣಗಿದ್ದ ನೆಲವೆಂದರೆ ಉಳಿದ ಏರಿಯ ನೆತ್ತಿ ಮಾತ್ರ. ಹತ್ತು ಸಾವಿರಕ್ಕೂ ಹೆಚ್ಚು ಕಪ್ಪು ಕೂಲಿಗಳು ಅದರ ಮೇಲೆ ಗುಡಾರ ಹಾಕಿಕೊಂಡು ನಿಂತರು. ಸ್ಟೀಮರುಗಳು ಬಂದವು, ಬಿಳಿಯರ ಹೆಂಗಸರು-ಮಕ್ಕಳು ಹತ್ತಿ ಹೋದರು. ಕೂಲಿಗಳನ್ನು ಕಳಿಸಲಿಲ್ಲ. ಹೋದವರು ಹತ್ತಿ ಹೊಲಕ್ಕೆ ವಾಪಸು ಬರುವುದಿಲ್ಲ ಎಂಬ ಅಂಜಿಕೆ ಜಮೀನ್ದಾರರಿಗೆ. ಬಂದೂಕಿನ ಕಾವಲಿನಲ್ಲಿ ಇಟ್ಟು, ದುಡಿಸಿ, ಚೀಟಿ ತೋರಿಸಿದವರಿಗೆ ರೇಷನ್ ಕೊಟ್ಟರು. ನೀರು ಇಳಿದ ಮೇಲೆ ಅವರಲ್ಲಿ ಬಹಳಷ್ಟು ಜನ ಶಿಕಾಗೊ ಮುಂತಾದ ಉತ್ತರದ ಊರುಗಳಿಗೆ ಹೊರಟೇಹೋದರು.

ಕೆಳಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಬೇರೆಯದೇ ತೀರ್ಮಾನ. ನಗರದ ಬ್ಯಾಂಕಿನವರು, ವ್ಯಾಪಾರಿಗಳು ಸರ್ಕಾರವನ್ನು ಒಪ್ಪಿಸಿ, ಊರಾಚೆ ಕರ್ನಾರ್ವನ್ ಎಂಬಲ್ಲಿ ಏಪ್ರಿಲ್ 29ರಂದು ಏರಿಯನ್ನು ಡೈನಮೈಟ್ ಇಟ್ಟು ಒಡೆಸಿದರು. ನಗರದ ಮೇಲಿನ ಒತ್ತಡ ಇಳಿಯಲಿ ಎಂದು. ಸೇಂಟ್ ಬರ್ನಾರ್ಡ್, ಪ್ಲಾಕಮಿನ್ಸ್ ಜಿಲ್ಲೆಗಳ ಸುಮಾರು ಹತ್ತು ಸಾವಿರ ಬಡ ಮೀನುಗಾರರು, ಬೇಟೆಗಾರರು ನೆಲೆ ಕಳೆದುಕೊಂಡರು. ಪರಿಹಾರದ ಮಾತು ಕೊಟ್ಟಿದ್ದರು, ಕೈಗೆ ಬಂದದ್ದು ಅತ್ಯಲ್ಪ. ಮರುದಿನ ಮೇಲ್ಭಾಗದಲ್ಲಿ ಏರಿ ತಾನಾಗಿಯೇ ಒಡೆದು ನದಿಯ ಮಟ್ಟ ಕುಗ್ಗಿತು. ಆ ಸ್ಫೋಟದ ಅಗತ್ಯವೇ ಇರಲಿಲ್ಲ.

ನದಿಗೂ ಕೋಡಿ

ನಮ್ಮ ಕೆರೆ ಕಟ್ಟಿದವರಿಗೆ ಇದು ಹೊಸ ವಿಷಯವಲ್ಲ. ಏರಿ ಎಷ್ಟೇ ಗಟ್ಟಿಯಿರಲಿ, ಕೋಡಿಯಿಲ್ಲದ ಕೆರೆ ಒಂದಲ್ಲ ಒಂದು ಮಳೆಗಾಲಕ್ಕೆ ಒಡೆಯುತ್ತದೆ. ಎಲ್ಲಿ ಹರಿಯಬೇಕೆಂದು ಮೊದಲೇ ಗೊತ್ತುಮಾಡಿಟ್ಟ ಜಾಗದಲ್ಲಿ ನೀರು ಹೊರಬಿದ್ದರೆ ಕೆರೆಯೂ ಉಳಿಯುತ್ತದೆ, ಊರೂ ಉಳಿಯುತ್ತದೆ. 1928ರ ಮೇ ತಿಂಗಳಲ್ಲಿ ಬಂದ ಪ್ರವಾಹ ನಿಯಂತ್ರಣ ಕಾಯ್ದೆ ಮಿಸಿಸಿಪ್ಪಿಗೆ ಮಾಡಿದ್ದು ಇದನ್ನೇ. ಏರಿಗಳನ್ನು ಬಲಪಡಿಸಿ, ಅವುಗಳ ನಡುವೆ ಬೇಕೆಂದೇ ಬಾಯಿಗಳನ್ನು ಇಟ್ಟರು. ಖರ್ಚನ್ನು ಬಹುಪಾಲು ಕೇಂದ್ರ ಸರ್ಕಾರವೇ ಹೊತ್ತುಕೊಂಡಿತು.

ಈ ಕೋಡಿಗಳಲ್ಲಿ ನೋಡಲು ಸೊಗಸಾದದ್ದು ನ್ಯೂ ಆರ್ಲಿಯನ್ಸ್‌ನಿಂದ ಸುಮಾರು 50 ಕಿಲೋಮೀಟರ್ ಮೇಲಿರುವ ಬಾನೆ ಕ್ಯಾರಿ. 1931ರಲ್ಲಿ ಮುಗಿದದ್ದು. ಎರಡು ಕಿಲೋಮೀಟರಿಗೂ ಉದ್ದದ ಕಾಂಕ್ರೀಟ್ ಕಟ್ಟೆ, ಅದರಲ್ಲಿ 350 ಕಂಡಿ. ಕಬ್ಬಿಣದ ಗೇಟುಗಳಿಲ್ಲ. ಪ್ರತಿ ಕಂಡಿಗೂ 20 ಉದ್ದನೆಯ ಮರದ ತೊಲೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದಾರೆ, ಒಟ್ಟು 7,000. ನದಿ ಏರಿದಾಗ ಕಟ್ಟೆಯ ಮೇಲಿನ ಹಳಿಯಲ್ಲಿ ಕ್ರೇನ್ ಬಂದು ಒಂದೊಂದೇ ತೊಲೆಯನ್ನು ಎತ್ತಿ ಮೇಲೆ ಅಡ್ಡ ಮಲಗಿಸುತ್ತದೆ. ಮುಚ್ಚಿದ್ದಾಗಲೂ ತೊಲೆಗಳ ಸಂದಿಯಿಂದ ನೀರು ಸೋರುತ್ತಿರುತ್ತದೆ, ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಎಲ್ಲ ತೆಗೆದರೆ ಎರಡೂವರೆ ಲಕ್ಷ ಕ್ಯುಸೆಕ್ ನೀರು ಪಾಂಚರ್ಟ್ರೇನ್ ಸರೋವರದ ಮೂಲಕ ಸಮುದ್ರಕ್ಕೆ. ನಗರದ ಮುಂದೆ ಹನ್ನೆರಡೂವರೆ ಲಕ್ಷ ಕ್ಯುಸೆಕ್ ದಾಟಬಾರದು ಎಂಬುದು ನಿಯಮ.

ಇದಕ್ಕೂ ಬೆಲೆ ತೆರುವವರಿದ್ದಾರೆ. 2019ರಲ್ಲಿ ಮೊದಲ ಬಾರಿಗೆ ಒಂದೇ ವರ್ಷ ಎರಡು ಸಲ ತೆರೆದು, ಒಟ್ಟು ನಾಲ್ಕು ತಿಂಗಳಷ್ಟು ಕಾಲ ಸಿಹಿನೀರು ಹರಿಯಿತು. ಕರಾವಳಿಯ ಉಪ್ಪುನೀರಿನ ಸಿಂಪಿಗಳು ಸತ್ತು ಅದನ್ನೇ ನಂಬಿದ್ದವರ ಜೀವನ ಕೆಟ್ಟಿತು. 2011ರ ಮೇ 2ರ ರಾತ್ರಿ ಮಿಸ್ಸೂರಿಯ ಬರ್ಡ್ಸ್ ಪಾಯಿಂಟ್‌ನಲ್ಲಿ ಏರಿಯೊಳಗಿನ ಕೊಳವೆಗಳಿಗೆ ದ್ರವ ಸ್ಫೋಟಕ ತುಂಬಿಸಿ ಒಡೆದಾಗ 1.3 ಲಕ್ಷ ಎಕರೆ ಹೊಲ ಮುಳುಗಿತು. ಉಳಿದದ್ದು ಎದುರು ದಂಡೆಯ ಕೇರೊ ಎಂಬ ಸಣ್ಣ ಬಡ ಊರು. ತಡೆಯಬೇಕೆಂದು ಮಿಸ್ಸೂರಿ ರಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು, ಫಲಿಸಲಿಲ್ಲ. 1927ಕ್ಕೂ ಇದಕ್ಕೂ ವ್ಯತ್ಯಾಸವೆಂದರೆ, ಈ ಹೊಲಗಳ ಮೇಲೆ ನೀರು ಹರಿಸುವ ಹಕ್ಕನ್ನು ಸರ್ಕಾರ ದಶಕಗಳ ಹಿಂದೆಯೇ ದುಡ್ಡು ಕೊಟ್ಟು ಕೊಂಡಿತ್ತು.

ಅದೇ 1928ರ ಕಾಯ್ದೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಾಲಿದೆ: ಪ್ರವಾಹದಿಂದಾದ ಯಾವ ಹಾನಿಗೂ ಕೇಂದ್ರ ಸರ್ಕಾರ ಹೊಣೆಯಲ್ಲ. 2005ರ ಕತ್ರೀನಾ ಚಂಡಮಾರುತದಲ್ಲಿ ಸರ್ಕಾರವೇ ಕಟ್ಟಿಸಿದ ಕಾಲುವೆ ಗೋಡೆಗಳು ಕುಸಿದು ನ್ಯೂ ಆರ್ಲಿಯನ್ಸ್‌ನ ಶೇ 80ರಷ್ಟು ಮುಳುಗಿತು. ಆ ಗೋಡೆಗಳ ಮೇಲಿನ ದಾವೆಯನ್ನು 2008ರಲ್ಲಿ ನ್ಯಾಯಾಲಯ ತಳ್ಳಿಹಾಕಿದ್ದು ಈ ಎಂಬತ್ತು ವರ್ಷದ ಹಳೆಯ ಸಾಲಿನ ಬಲದ ಮೇಲೆ.

ಎಲ್ಲಿ ಎಷ್ಟು ನೀರು ಬಿಟ್ಟರೆ ಎಲ್ಲಿ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಲು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಡೀ ನದಿಯನ್ನೇ ಪುಟ್ಟದಾಗಿ ಕಟ್ಟಿದ್ದರು. ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಬಳಿ 200 ಎಕರೆಯಲ್ಲಿ ಹರಡಿದ ಕಾಂಕ್ರೀಟ್ ನಕ್ಷೆ, 2,000 ಅಡಿಗೆ ಒಂದು ಅಡಿ. 1943ರಲ್ಲಿ ಕೆಲಸ ಶುರುಮಾಡಿದ್ದು ಜರ್ಮನ್ ಯುದ್ಧಕೈದಿಗಳಿಂದ. ಅದರಲ್ಲಿ ನದಿಯ ಒಂದು ದಿನ ಐದೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು. 1952ರಲ್ಲಿ ಮಿಸ್ಸೂರಿ ನದಿ ಉಕ್ಕಿದಾಗ ಹಗಲು ರಾತ್ರಿ ಇದರಲ್ಲಿ ನೀರು ಹರಿಸಿ ನೋಡಿ ಒಮಾಹಾ ನಗರದವರಿಗೆ ಎಲ್ಲಿ ಏರಿ ಎತ್ತರಿಸಬೇಕೆಂದು ಹೇಳಿದರು. ಈಗ ಅದು ಪಾಳುಬಿದ್ದು ಗಿಡ ಬೆಳೆದಿದೆ.

ಅಣೆಕಟ್ಟು ತುಂಬಿರಬೇಕೋ ಖಾಲಿಯಿರಬೇಕೋ

ನೀರನ್ನು ಮೇಲ್ಭಾಗದಲ್ಲೇ ಹಿಡಿದಿಡುವುದು ಇನ್ನೊಂದು ದಾರಿ. ಒಹಾಯೊದ ಡೇಟನ್ ನಗರ 1913ರ ಮಾರ್ಚ್‌ನಲ್ಲಿ ಮುಳುಗಿ ಆ ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನ ಸತ್ತರು. ಊರವರು ಸರ್ಕಾರಕ್ಕೆ ಕಾಯದೆ ತಾವೇ 20 ಲಕ್ಷ ಡಾಲರ್ ಒಟ್ಟುಮಾಡಿ ಆರ್ಥರ್ ಮಾರ್ಗನ್ ಎಂಬ ಎಂಜಿನಿಯರನ್ನು ಕರೆತಂದರು. ಆತ 1922ರ ಹೊತ್ತಿಗೆ ಕಟ್ಟಿ ಮುಗಿಸಿದ ಐದು ಅಣೆಕಟ್ಟುಗಳ ಹಿಂದೆ ಜಲಾಶಯವೇ ಇಲ್ಲ. ತಳದಲ್ಲಿ ಗೇಟಿಲ್ಲದ ಕಂಡಿ. ಮಾಮೂಲಿ ದಿನಗಳಲ್ಲಿ ನದಿ ಸುಮ್ಮನೆ ಹಾದುಹೋಗುತ್ತದೆ, ಹಿಂದಿನ ಬಯಲಲ್ಲಿ ಬೇಸಾಯ ನಡೆಯುತ್ತದೆ. ಪ್ರವಾಹ ಬಂದಾಗ ಕಂಡಿಯಲ್ಲಿ ಹಿಡಿಸುವಷ್ಟು ಮಾತ್ರ ಹೊರಗೆ ಹೋಗಿ ಉಳಿದದ್ದು ಕೆಲವು ದಿನ ಹಿಂದೆ ನಿಂತು ಇಳಿಯುತ್ತದೆ. ಗೇಟು ತೆರೆಯುವ ಆಳೂ ಬೇಡ, ಯಾವಾಗ ತೆರೆಯಬೇಕೆಂಬ ಜಗಳವೂ ಇಲ್ಲ. ಅಂದಿನಿಂದ ಡೇಟನ್ ಹಾಗೆ ಮುಳುಗಿಲ್ಲ. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವ ಕೆಲಸ ಇದು. (ಇದೇ ಮಾರ್ಗನ್ ಮುಂದೆ 1948ರಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಸದಸ್ಯರಾಗಿ ಭಾರತಕ್ಕೂ ಬಂದಿದ್ದರು.)

ದೊಡ್ಡ ಅಣೆಕಟ್ಟುಗಳ ಕಥೆ ಇಷ್ಟು ಸರಳವಲ್ಲ. ವಿದ್ಯುತ್ತಿಗೆ, ನೀರಾವರಿಗೆ ಜಲಾಶಯ ತುಂಬಿರಬೇಕು. ಪ್ರವಾಹ ಹಿಡಿಯಲು ಖಾಲಿಯಿರಬೇಕು. 1933ರಲ್ಲಿ ಹುಟ್ಟಿದ ಟೆನೆಸಿ ಕಣಿವೆ ಪ್ರಾಧಿಕಾರ ಎರಡನ್ನೂ ಒಂದೇ ಕಟ್ಟೆಯಲ್ಲಿ ಸಾಧಿಸಲು ಹೊರಟಿತು. ಮಳೆಗಾಲಕ್ಕೆ ಮುಂಚೆ ಇಷ್ಟು ಜಾಗ ಖಾಲಿ ಬಿಡಬೇಕೆಂದು ಕಟ್ಟುನಿಟ್ಟು ಮಾಡಿತು. 1943ರ ದಾಮೋದರ ಪ್ರವಾಹದ ನಂತರ ನಮ್ಮ ದಾಮೋದರ ಕಣಿವೆ ನಿಗಮವನ್ನು ರೂಪಿಸಿದ್ದು ಅದನ್ನೇ ಮಾದರಿಯಾಗಿಟ್ಟುಕೊಂಡು, ಅಲ್ಲಿಂದಲೇ ಎಂಜಿನಿಯರನ್ನು ಕರೆಸಿ.

ಮಿಸ್ಸೂರಿ ನದಿಗೆ 1944ರ ಕಾಯ್ದೆಯಲ್ಲಿ ಬಂದ ಅಣೆಕಟ್ಟುಗಳು ಕೆಳಗಿನ ನಗರಗಳನ್ನು ಕಾಯ್ದವು. ಅವುಗಳಲ್ಲಿ ಗ್ಯಾರಿಸನ್ ಅಣೆಕಟ್ಟು ನಾರ್ತ್ ಡಕೋಟಾದ ಮೂರು ಮೂಲನಿವಾಸಿ ಬುಡಕಟ್ಟುಗಳ ಒಂದೂವರೆ ಲಕ್ಷ ಎಕರೆಗೂ ಹೆಚ್ಚು ನೆಲವನ್ನು, ಅವರ ಒಳ್ಳೆಯ ಹೊಲಗಳನ್ನೆಲ್ಲ, ಮುಳುಗಿಸಿತು. 1948ರಲ್ಲಿ ಒಪ್ಪಂದಕ್ಕೆ ಸಹಿ ಬೀಳುವಾಗ ಮುಖಂಡ ಜಾರ್ಜ್ ಜಿಲೆಟ್ ಮುಖ ಮುಚ್ಚಿಕೊಂಡು ಅಳುತ್ತಿರುವ ಫೋಟೊ ಈಗಲೂ ನೋಡಸಿಗುತ್ತದೆ. ಕಟ್ಟೆಗಳ ಹಿಂದೆ ಮೆಕ್ಕಲೂ ಉಳಿದುಬಿಟ್ಟಿತು. ಏರಿಗಳ ನಡುವೆ ಸಿಕ್ಕಿದ ಉಳಿದ ಮಣ್ಣು ನೇರ ಸಮುದ್ರಕ್ಕೆ ಹೋಗುತ್ತದೆ. ಹೀಗೆ ಹೊಸ ಮಣ್ಣು ಸಿಗದೆ, ಜೊತೆಗೆ ತೈಲ ಕಂಪನಿಗಳು ತೋಡಿದ ಕಾಲುವೆಗಳ ಹೊಡೆತಕ್ಕೆ, ಲೂಸಿಯಾನದ ಕರಾವಳಿ 1930ರ ದಶಕದಿಂದ ಸುಮಾರು 5,000 ಚದರ ಕಿಲೋಮೀಟರ್ ನೆಲ ಕಳೆದುಕೊಂಡಿದೆ.

‘ನೂರು ವರ್ಷದ ಪ್ರವಾಹ’ ಮತ್ತು ವಿಮೆ

1940ರ ದಶಕದಲ್ಲಿ ಗಿಲ್ಬರ್ಟ್ ವೈಟ್ ಎಂಬ ಭೂಗೋಳ ತಜ್ಞ ಇಡೀ ಚರ್ಚೆಯನ್ನು ತಿರುಗಿಸಿದ. ಪ್ರವಾಹ ದೇವರ ಕೆಲಸವಿರಬಹುದು, ನಷ್ಟ ಮಾತ್ರ ಬಹುಪಾಲು ಮನುಷ್ಯನದೇ ಎಂದ. ಏರಿ ಕಟ್ಟಿದ ಕೂಡಲೇ ಅದರ ಹಿಂದಿನ ನೆಲದ ಬೆಲೆ ಏರುತ್ತದೆ, ಮನೆಗಳು ಬರುತ್ತವೆ. ಏರಿ ಸಣ್ಣ ಪ್ರವಾಹಗಳನ್ನೆಲ್ಲ ತಡೆಯುವುದರಿಂದ ಜನ ನೀರನ್ನೇ ಮರೆಯುತ್ತಾರೆ. ಹೀಗಾಗಿ ಖರ್ಚು ಹೆಚ್ಚಿದಷ್ಟೂ ನಷ್ಟವೂ ಹೆಚ್ಚುತ್ತಲೇ ಹೋಗಿತ್ತು.

ಖಾಸಗಿ ಕಂಪನಿಗಳಿಗೆ ಪ್ರವಾಹ ವಿಮೆ ಒಗ್ಗುವುದಿಲ್ಲ. ಬೆಂಕಿ ಒಂದು ಮನೆಗೆ ಬೀಳುತ್ತದೆ, ನೀರು ಒಮ್ಮೆಗೇ ಇಡೀ ಬಡಾವಣೆಗೆ. ಆದ್ದರಿಂದ 1968ರಲ್ಲಿ ಸರ್ಕಾರವೇ ವಿಮೆಗೆ ಇಳಿಯಿತು. ಅದಕ್ಕಾಗಿ ಬರೆದ ನಕ್ಷೆಗಳಲ್ಲಿ ‘ನೂರು ವರ್ಷದ ಪ್ರವಾಹ’ ಎಂಬ ಮಾತು ಬರುತ್ತದೆ. ನೂರು ವರ್ಷಕ್ಕೊಮ್ಮೆ ಬರುತ್ತದೆ, ಹೋದ ವರ್ಷ ಬಂದಿದ್ದರೆ ಇನ್ನು ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇ 1 ಎಂದಷ್ಟೇ. 30 ವರ್ಷದ ಗೃಹಸಾಲದ ಅವಧಿಗೆ ಲೆಕ್ಕ ಹಾಕಿದರೆ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಶೇ 26. ನಾಲ್ಕು ಮನೆಗೆ ಒಂದು.

1993ರ ಬೇಸಿಗೆಯಲ್ಲಿ ಮಿಸಿಸಿಪ್ಪಿ ಸೇಂಟ್ ಲೂಯಿಸ್‌ನಲ್ಲಿ ಸುಮಾರು 49.6 ಅಡಿ ಮುಟ್ಟಿತು. ಅಲ್ಲಿ 30 ಅಡಿ ದಾಟಿದರೇ ಪ್ರವಾಹವೆಂದು ಲೆಕ್ಕ. ಸಾವಿರಕ್ಕೂ ಹೆಚ್ಚು ಏರಿಗಳ ಮೇಲೆ ನೀರು ಹರಿಯಿತು ಅಥವಾ ಅವು ಒಡೆದವು. ಇಲಿನಾಯ್‌ನ ವಾಲ್‌ಮೇಯರ್ ಎಂಬ 900 ಜನರ ಊರು ಏರಿಯನ್ನು ಮತ್ತೆ ನಂಬದೆ, ಸರ್ಕಾರದ ನೆರವು ಪಡೆದು ಪಕ್ಕದ ದಿಣ್ಣೆಯ ಮೇಲೆ ಹೊಸದಾಗಿ ಕಟ್ಟಿಕೊಂಡಿತು. ಆಮೇಲೆ ಬೇರೆ ಕಡೆಯೂ ಸರ್ಕಾರ ಸಾವಿರಾರು ಮನೆಗಳನ್ನು ಕೊಂಡು ಕೆಡವಿ ಆ ಜಾಗವನ್ನು ಬಯಲಾಗಿಯೇ ಬಿಟ್ಟಿತು.

ಹೂಸ್ಟನ್: ಜಲಾಶಯದೊಳಗಿನ ಮನೆಗಳು

1935ರ ಪ್ರವಾಹದ ನಂತರ ಹೂಸ್ಟನ್‌ನ ಪಶ್ಚಿಮಕ್ಕೆ, ಆಗ ಹುಲ್ಲುಗಾವಲಾಗಿದ್ದ ಕಡೆ, ಆಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಒಣ ಜಲಾಶಯಗಳನ್ನು ಕಟ್ಟಿದರು. ಮಳೆ ಬಂದಾಗ ಮಾತ್ರ ನೀರು, ಮಿಕ್ಕಂತೆ ಮೈದಾನ, ಉದ್ಯಾನ. ಪೂರ್ತಿ ತುಂಬಿದರೆ ನೀರು ಎಲ್ಲಿಯವರೆಗೆ ನಿಲ್ಲಬಹುದೋ ಅಲ್ಲಿಯವರೆಗಿನ ನೆಲವನ್ನೆಲ್ಲ ಸರ್ಕಾರ ಕೊಂಡುಕೊಳ್ಳಲಿಲ್ಲ. ಉಳಿದ ಅಂಚಿನಲ್ಲಿ ಬಿಲ್ಡರುಗಳು ಸಾವಿರಾರು ಮನೆ ಕಟ್ಟಿದರು. ಭಾರತೀಯ ಕುಟುಂಬಗಳೂ ಸಾಕಷ್ಟು ನೆಲೆಸಿರುವ ಕೇಟಿ ಪ್ರದೇಶ ಇದಕ್ಕೆ ತಾಗಿಕೊಂಡೇ ಇದೆ. ಕೆಲವು ಬಡಾವಣೆ ನಕ್ಷೆಗಳಲ್ಲಿ ‘ಈ ಜಾಗ ನಿಯಂತ್ರಿತ ಮುಳುಗಡೆಗೆ ಒಳಪಡಬಹುದು’ ಎಂಬ ಅರ್ಥದ ಸಣ್ಣ ಟಿಪ್ಪಣಿ ಇತ್ತು. ಅದು ಮನೆ ಕೊಳ್ಳುವವರ ಕೈಗೆ ಬರುವ ಕಾಗದವಲ್ಲ. ‘ನೂರು ವರ್ಷದ’ ನಕ್ಷೆಯ ಹೊರಗಿದ್ದ ಮನೆಗಳಿಗೆ ವಿಮೆ ಕಡ್ಡಾಯವೂ ಇರಲಿಲ್ಲ.

2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಊರ ಮೇಲೆ ನಾಲ್ಕು ದಿನ ನಿಂತು ಸುರಿಯಿತು. ಜಲಾಶಯಗಳು ತಮ್ಮ ಮೇರೆ ಮೀರಿ ಹಿಂದಿನ ಬಡಾವಣೆಗಳಿಗೆ ಏರಿದವು. ಕಟ್ಟೆಯ ಸುರಕ್ಷತೆಗೆಂದು ಗೇಟು ತೆರೆದಾಗ ಕೆಳಗಿನ ಮನೆಗಳಿಗೂ ನೀರು ಹೋಯಿತು. ಮೇಲಿನವರ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ನ್ಯಾಯಾಲಯ, ಸರ್ಕಾರ ಅವರ ಆಸ್ತಿಯನ್ನು ನೀರು ಹಿಡಿಯಲು ಬಳಸಿಕೊಂಡಿದೆ, ಆದ್ದರಿಂದ ಪರಿಹಾರ ಕೊಡಬೇಕು ಎಂದಿತು. 1928ರ ‘ಹೊಣೆಯಲ್ಲ’ ಎಂಬ ಸಾಲು ಇಲ್ಲಿ ಅಡ್ಡ ಬರಲಿಲ್ಲ. ಖಾಸಗಿ ಆಸ್ತಿಯನ್ನು ಸಾರ್ವಜನಿಕ ಉಪಯೋಗಕ್ಕೆ ತೆಗೆದುಕೊಂಡರೆ ಬೆಲೆ ಕೊಡಬೇಕೆಂಬ ಸಂವಿಧಾನದ ಮಾತಿನ ಮೇಲೆ ಈ ದಾವೆ ನಿಂತಿತ್ತು.

2019ರಲ್ಲೇ ಟೆಕ್ಸಸ್ ತನ್ನ ಕಾನೂನನ್ನೂ ತಿದ್ದಿತು. ಮನೆಗೆ ಹಿಂದೆ ನೀರು ನುಗ್ಗಿತ್ತೇ, ಅದು ಜಲಾಶಯದ ಮುಳುಗಡೆ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಮಾರುವವರು ಈಗ ಬರೆದುಕೊಡಬೇಕು. ಅಲ್ಲಿ ಮನೆ ನೋಡುತ್ತಿರುವವರು ಏಜೆಂಟರ ‘ಇದು ಫ್ಲಡ್ ಝೋನ್ ಅಲ್ಲ’ ಎಂಬ ಮಾತಿಗೆ ನಿಲ್ಲದೆ ಆ ಕಾಗದದ ಎರಡೂ ಕಾಲಂ ಕೇಳಿ ಓದಬೇಕು. ವಿಮೆ ಮಾಡಿಸಿದ ದಿನದಿಂದ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಅದು ಜಾರಿಗೆ ಬರುತ್ತದೆ, ಹಾಗಾಗಿ ಚಂಡಮಾರುತದ ಸುದ್ದಿ ಬಂದ ಮೇಲೆ ಅರ್ಜಿ ಹಾಕಿದರೆ ತಡವಾಗಿರುತ್ತದೆ.